ಹತ್ತನೇ ನಿಮಿಷಕ್ಕೆ ಲೇಸು ಸಡಿಲಿಸುವ ಪುಟ್ಟಯ್ಯ

ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿಗಳ ಷಟರ್‌ಗಳೆಲ್ಲ ಇಳಿದೇ ಇವೆ. ಒಂದು ಅಂಗಡಿಯ ಪಕ್ಕದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಹೋದರೆ ಮೇಲಿನ ಉದ್ದನೆಯ ಹಜಾರದಲ್ಲಿ ಟ್ಯೂಬ್‌ಲೈಟುಗಳು ಉರಿಯುತ್ತಿವೆ. ಐವತ್ತೆಂಟು ವರ್ಷದ ಪುಟ್ಟಯ್ಯ ಅಲ್ಲೊಂದು ಯಂತ್ರದ ಮುಂದೆ ಮಂಡಿಯೂರಿ ಕೂತು, ಅದರ ಪಾದದ ಹಲಗೆಯ ಮೇಲೆ ಅಂಗೈ ಆಡಿಸುತ್ತಿದ್ದಾರೆ. ಜಿಮ್ಮಿಗೆ ಹೋಗುವವರು ಅದನ್ನು ಕ್ರಾಸ್ ಟ್ರೈನರ್ ಎನ್ನುತ್ತಾರೆ. ಎರಡು ಹಲಗೆಗಳ ಮೇಲೆ ನಿಂತು, ಪಾದ ಎತ್ತದೆ, ನಡೆದ ಹಾಗೆ ತಳ್ಳುತ್ತಲೇ ಇರಬೇಕಾದ ಯಂತ್ರ. ಪುಟ್ಟಯ್ಯನವರ ಅಂಗೈಗೆ ಏನೋ ತಾಗುತ್ತದೆ. ಉಗುರಿನಿಂದ ಕೆರೆದು ತೆಗೆದರೆ, ಅಕ್ಕಿಯ ನುಚ್ಚಿನಷ್ಟು ಚಿಕ್ಕ ಕಲ್ಲು.

"ನಿಮ್ಗೆ ನಮ್ಗೆ ಇದು ಮರಳು ಸಾರ್. ಶುಗರ್ ಇರೋರ ಪಾದಕ್ಕೆ ಇದು ಬಂಡೆ," ಎಂದು ಅದನ್ನು ಕಿಟಕಿಯಾಚೆ ಹಾಕುತ್ತಾರೆ.

ಇನ್ನು ಸ್ವಲ್ಪ ಹೊತ್ತಿಗೆ ಸರಸ್ವತಿ ಮೇಡಂ ಬರಬೇಕು. ಆರು ತಿಂಗಳ ನಂತರ ಬರುತ್ತಿದ್ದಾರೆ. ಶಂಕರಘಟ್ಟದ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೆಲಸ ಮಾಡುವ ಅವರಿಗೆ ಐವತ್ನಾಲ್ಕು ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಕಳೆದ ಆಗಸ್ಟಿನಲ್ಲಿ ಇದೇ ಯಂತ್ರದ ಮೇಲೆ ಎದ್ದ ಒಂದು ಗುಳ್ಳೆ ಹುಣ್ಣಾಗಿ, ಎಡಗಾಲಿನ ಕಿರುಬೆರಳು ಉಳಿಯುವುದೇ ಅನುಮಾನವಾಗಿತ್ತು. ಬೆರಳು ಉಳಿಯಿತು. ಈಗ ವೈದ್ಯರು ಒಂದು ಪರೀಕ್ಷೆ ಇಟ್ಟಿದ್ದಾರೆ. ಇಪ್ಪತ್ತು ನಿಮಿಷ ಯಂತ್ರದ ಮೇಲೆ ನಡೆಯಬಹುದು. ನಡೆದ ಮೇಲೆ ಪಾದದಲ್ಲಿ ಕೆಂಪು ಗುರುತು ಕಂಡು, ಅದು ಅರ್ಧ ಗಂಟೆಯೊಳಗೆ ಆರದಿದ್ದರೆ, ಯಂತ್ರದ ಸಹವಾಸ ಅಲ್ಲಿಗೆ ಮುಗಿಯಿತು.

ಆ ಆಗಸ್ಟಿನ ಬೆಳಿಗ್ಗೆ ಅವರ ಬೂಟಿನ ಲೇಸು ಬಿಗಿದು ಕಟ್ಟಿದ್ದು ಪುಟ್ಟಯ್ಯ. ಈ ಮಾತನ್ನು ಅವರು ಪರಿಚಯವಾದ ಐದು ನಿಮಿಷದಲ್ಲೇ ಹೇಳಿಬಿಡುತ್ತಾರೆ, ಇನ್ಯಾರೋ ಹೇಳಿ ತಿಳಿಯುವುದು ಬೇಡ ಎನ್ನುವ ಹಾಗೆ.

ಪುಟ್ಟಯ್ಯನವರ ಮನೆ ಭದ್ರಾವತಿಯ ಹಳೇನಗರದಲ್ಲಿ. ಮೂರೂವರೆಗೆ ಏಳುತ್ತಾರೆ. ನಾಲ್ಕೂ ಇಪ್ಪತ್ತರ ಬಸ್ಸು ಹಿಡಿದರೆ ಐದಕ್ಕೆ ಜಿಮ್ಮಿನ ಬೀಗ ತೆಗೆಯಬಹುದು. ಆ ಬಸ್ಸಿನಲ್ಲಿ ಹೂವಿನ ಬುಟ್ಟಿಯವರು, ಪೇಪರ್ ಹಾಕುವವರು, ಇವರು. ಇವರ ಕೈಚೀಲದಲ್ಲಿ ಒಂದು ಡಬ್ಬಿ ಉಪ್ಪಿಟ್ಟು, ಒಂದು ಟಾರ್ಚು, ನಾಲ್ಕಾರು ಜೊತೆ ಹಳೇ ಲೇಸು, ಒಂದು ಕೈಗನ್ನಡಿ. ಕನ್ನಡಿ ಪತ್ನಿ ಮಾಸ್ತಮ್ಮನವರದು. ಬಾಗಲಾರದವರಿಗೆ ತಮ್ಮ ಅಂಗಾಲು ತಮಗೇ ಕಾಣಲೆಂದು ಪುಟ್ಟಯ್ಯ ಅದನ್ನು ಒಯ್ಯುತ್ತಾರೆ.

"ಮದುವೆಯಾಗಿ ಮೂವತ್ತೊಂದು ವರ್ಷ. ನನ್ನ ಹಿಮ್ಮಡಿ ಒಡೆದಿದೆಯೋ ಸರಿ ಇದೆಯೋ ಅಂತ ಒಂದಿನ ಬಗ್ಗಿ ನೋಡಿದೋರಲ್ಲ. ಈಗ ಊರೋರ ಕಾಲೆಲ್ಲ ಬೇಕು ಇವ್ರಿಗೆ. ನಾನು ಕುಂಕುಮ ಇಟ್ಕೊಳೋ ಕನ್ನಡೀನೂ ಬೇಕು," ಎಂದು ಮಾಸ್ತಮ್ಮ ಗದರುತ್ತಾರೆ. ಗದರುತ್ತಲೇ ಡಬ್ಬಿಯ ಮುಚ್ಚಳ ಒತ್ತಿ ಕೊಡುತ್ತಾರೆ.

ಇಪ್ಪತ್ಮೂರು ವರ್ಷ ಪುಟ್ಟಯ್ಯ ಭದ್ರಾವತಿಯ ಹೊರವಲಯದ ಒಂದು ಸಣ್ಣ ಖಾಸಗಿ ರೋಲಿಂಗ್ ಮಿಲ್ಲಿನಲ್ಲಿದ್ದವರು. ಕೆಂಪಗೆ ಕಾದ ಕಬ್ಬಿಣದ ಸರಳುಗಳು ಉರುಳೆಗಳ ಮೇಲೆ ಓಡುವ ಜಾಗ. 1983ರಲ್ಲಿ ಅವರ ಜೊತೆಗಾರ ವೀರಪ್ಪನವರ ಬೂಟಿನ ಲೇಸು ಬಿಚ್ಚಿಕೊಂಡು ಎರಡು ಉರುಳೆಗಳ ನಡುವೆ ಸಿಕ್ಕಿತು. ಬಲಪಾದದ ಮುಂದಿನ ಅರ್ಧ ಹೋಯಿತು. ಪುಟ್ಟಯ್ಯ ಮೂರು ಹೆಜ್ಜೆ ದೂರದಲ್ಲಿದ್ದರು. ಆ ದಿನದ ಬಗ್ಗೆ ಕೇಳಿದರೆ ಅವರು ಅಷ್ಟು ಮಾತ್ರ ಹೇಳುತ್ತಾರೆ: "ಮೂರು ಹೆಜ್ಜೆ."

ಅದಾದ ಮೇಲೆ ಮಿಲ್ಲಿನವರು ಅವರನ್ನು ಬೂಟಿನ ಕೋಣೆಗೆ ಹಾಕಿದರು. ಹೊಸ ಬೂಟು ಅಳತೆ ನೋಡಿ ಕೊಡುವುದು, ಪ್ರತಿ ಪಾಳಿಯ ಶುರುವಿನಲ್ಲಿ ಗೇಟಿನ ಬಳಿ ನಿಂತು ಎಲ್ಲರ ಲೇಸು ಎಳೆದು ನೋಡುವುದು. ಲೇಸಿನ ಕೆಳಗೆ ತೋರುಬೆರಳು ಹೋಯಿತೆಂದರೆ ಆ ಮನುಷ್ಯ ವಾಪಸ್. ಬಿಗಿದು, ಎರಡು ಗಂಟು ಹಾಕಿ, ತುದಿ ಒಳಗೆ ಸಿಕ್ಕಿಸಿಕೊಂಡು ಬಂದರೆ ಮಾತ್ರ ಒಳಗೆ. ಕಾರ್ಮಿಕರು ಅವರನ್ನು ಗಂಟು ಪುಟ್ಟಯ್ಯ ಎಂದು ಕರೆದರು. ಬೈದರು. ಆದರೆ ಮಿಲ್ಲು ಮುಚ್ಚಿದ 2001ರವರೆಗೆ ಇನ್ನೊಂದು ಪಾದ ಅಲ್ಲಿ ಹೋಗಲಿಲ್ಲ. ಹದಿನೆಂಟು ವರ್ಷ. ಇದನ್ನು ಹೇಳುವಾಗ ಮಾತ್ರ ಅವರ ಬೆನ್ನು ನೆಟ್ಟಗಾಗುತ್ತದೆ.

ಮೂರು ವರ್ಷ ವೆಲ್ಡಿಂಗ್ ಶಾಪು, ಅದೂ ಇದೂ. 2004ರಲ್ಲಿ ಗಾಂಧಿ ಬಜಾರಿನ ಈ ಜಿಮ್ಮಿಗೆ ಬಂದರು, ತೂಕದ ರಾಟೆಗಳಿಗೆ ಗ್ರೀಸು ಹಚ್ಚುವ, ನೆಲ ಒರೆಸುವ ಕೆಲಸಕ್ಕೆ. ಎರಡು ವರ್ಷದ ನಂತರ ಮಾಲೀಕ ಯೋಗರಾಜ್ ಮೂರು ಟ್ರೆಡ್‌ಮಿಲ್, ಎರಡು ಕ್ರಾಸ್ ಟ್ರೈನರ್ ತರಿಸಿದರು. ಅಲ್ಲಿಯವರೆಗೆ ತೋಳು ಬೆಳೆಸುವ ಹುಡುಗರೇ ಬರುತ್ತಿದ್ದ ಜಾಗಕ್ಕೆ ಬ್ಯಾಂಕಿನವರು, ಮೇಷ್ಟ್ರುಗಳು, ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದ ಹೆಂಗಸರು ಬರತೊಡಗಿದರು. ಜೊತೆಗೆ ಹೊಸ ದೂರುಗಳೂ ಬಂದವು. ಕಾಲು ಜೋಮು ಹಿಡಿಯುತ್ತೆ. ಮೊಣಕಾಲ ಕೆಳಗಿನ ಎಲುಬು ನೋಯುತ್ತೆ. ಮೀನಖಂಡ ಕಲ್ಲಾಗುತ್ತೆ. ಅಂಗಾಲು ಉರಿಯುತ್ತೆ.

ಪುಟ್ಟಯ್ಯನವರಿಗೆ ಓಡುವ ಬೆಲ್ಟು ಕಂಡಿತು, ಉರುಳೆ ಕಂಡಿತು, ಅದರ ಪಕ್ಕದಲ್ಲಿ ಜೋತಾಡುವ ಲೇಸುಗಳು ಕಂಡವು. ಮಿಲ್ಲಿನ ಗೇಟು ಮತ್ತೆ ಶುರುವಾಯಿತು. ಯಂತ್ರ ಹತ್ತುವ ಪ್ರತಿಯೊಬ್ಬರ ಮುಂದೆ ಕೂತು, ಲೇಸು ಎಳೆದು, ಎರಡು ಗಂಟು ಬಿಗಿದು ಕಳಿಸಿದರು. ಯಾರಿಗೂ ಬೇಡವೆನ್ನಲಾಗಲಿಲ್ಲ. ವಯಸ್ಸಾದವರೊಬ್ಬರು ಕಾಲ ಬುಡದಲ್ಲಿ ಕೂತು ಅಷ್ಟು ಶ್ರದ್ಧೆಯಿಂದ ಕಟ್ಟುವಾಗ ಬೇಡವೆನ್ನುವುದು ಹೇಗೆ? ಜೋಮಿನ ದೂರು ಹೆಚ್ಚಾಯಿತು. ಹೆಚ್ಚಾದಷ್ಟೂ ಪುಟ್ಟಯ್ಯ, ಬೂಟು ಸಡಿಲವಾಗಿ ಪಾದ ಅಲ್ಲಾಡುತ್ತಿದೆಯೆಂದು ಇನ್ನಷ್ಟು ಬಿಗಿದರು.

ಸರಸ್ವತಿಯವರಿಗೂ ಹಾಗೇ ಬಿಗಿದರು. ಇಪ್ಪತ್ತೈದು ನಿಮಿಷ ನಡೆದ ಅವರಿಗೆ ಹನ್ನೆರಡನೇ ನಿಮಿಷಕ್ಕೇ ಎಡಗಾಲ ಬೆರಳುಗಳು ಇಲ್ಲವೇನೋ ಎನ್ನಿಸಿತ್ತು. ಸಕ್ಕರೆ ಕಾಯಿಲೆಯ ಜೋಮು, ಇದ್ದದ್ದೇ ಎಂದುಕೊಂಡು ಸುಮ್ಮನಾದರು. ಅವರು ಸುಮ್ಮನಿದ್ದುದನ್ನು ನೋಡಿ ಪುಟ್ಟಯ್ಯ ಎಲ್ಲ ಸರಿಯಿದೆ ಎಂದುಕೊಂಡರು. ಆ ದಿನವೆಲ್ಲ ಕಚೇರಿ, ಬಸ್ಸು. ಸಂಜೆ ಮನೆಯಲ್ಲಿ ಕಪ್ಪು ನೈಲಾನ್ ಕಾಲುಚೀಲ ಎಳೆದಾಗ ಅದು ಕಿರುಬೆರಳಿಗೆ ಅಂಟಿಕೊಂಡಿತ್ತು. ನೋವೇ ಇರಲಿಲ್ಲ.

ಹನ್ನೊಂದು ದಿನ ಆಸ್ಪತ್ರೆ. ಸರಸ್ವತಿಯವರ ತಾಯಿಗೂ ಇದೇ ಕಾಯಿಲೆ ಇತ್ತು. ಕಾಲಿನ ಒಂದು ಹುಣ್ಣಿನಿಂದ ಶುರುವಾಗಿ ಮೊಣಕಾಲವರೆಗೆ ಕಾಲನ್ನೇ ತೆಗೆಯಬೇಕಾಗಿ ಬಂದಿತ್ತು. "ಅಮ್ಮನ್ನ ಎತ್ತಿ ಕೂರಿಸ್ತಿದ್ದೋಳು ನಾನೇ. ಹಾಸಿಗೆ ಮೇಲೆ ಮಲಗಿದ್ದಾಗ ಬೇರೇನೂ ಯೋಚನೆ ಇರ್ಲಿಲ್ಲ. ನನ್ನ ಮಗಳು ನನ್ನ ಎತ್ತೋ ಹಾಗಾಗಬಾರದು, ಅಷ್ಟೇ," ಎನ್ನುತ್ತಾರೆ ಅವರು.

ವಿಷಯ ತಿಳಿದ ದಿನ ಪುಟ್ಟಯ್ಯ ಜಿಮ್ಮಿನ ಬೀಗದ ಕೈ ಯೋಗರಾಜ್ ಅವರ ಮೇಜಿನ ಮೇಲಿಟ್ಟು ಭದ್ರಾವತಿಗೆ ಹೋದರು. ಒಂಬತ್ತು ದಿನ ಬರಲಿಲ್ಲ. ಹತ್ತನೇ ದಿನ ಮಾಸ್ತಮ್ಮನೇ ಬಸ್ಸು ಹತ್ತಿಸಿದರು. "ಇಲ್ಲಿ ಗೋಡೆ ನೋಡ್ತಾ ಕೂತ್ರೆ ಆ ಯಮ್ಮನ ಬೆರಳು ವಾಸಿ ಆಗತ್ತಾ? ಹೋಗಿ ಕೇಳಿ ಬನ್ನಿ, ಏನು ತಪ್ಪಾಯ್ತು ಅಂತ," ಎಂದರಂತೆ.

ಆಸ್ಪತ್ರೆಯ ಬಾಗಿಲಲ್ಲಿ ನಿಂತು ಪುಟ್ಟಯ್ಯ ಹೇಳಿದ್ದು ಒಂದೇ ಮಾತು: "ಕಟ್ಟಿದ್ದು ನಾನು ಮೇಡಂ."

"ಕಟ್ಟಿಸ್ಕೊಂಡಿದ್ದು ನಾನಲ್ವಾ," ಎಂದರು ಸರಸ್ವತಿ. "ಜೋಮು ಬಂದಾಗ ನಾನು ಬಾಯಿ ಬಿಡ್ಲಿಲ್ಲ, ನೀವು ಕೇಳ್ಲಿಲ್ಲ. ಬನ್ನಿ, ಕೂತ್ಕೊಳ್ಳಿ. ನಿಂತ್ರೆ ನಿಮ್ಮ ಕಾಲೂ ಊದ್ಕೊಳತ್ತೆ."

ಅಲ್ಲಿನ ವೈದ್ಯರು ಪುಟ್ಟಯ್ಯನವರಿಗೆ ಕಾಗದದ ಮೇಲೆ ಪಾದ ಬರೆದು ತೋರಿಸಿದರು. ನಡೆದಂತೆ ಪಾದ ಊದುತ್ತದೆ, ಬೂಟು ಊದುವುದಿಲ್ಲ. ಪಾದದ ಮೇಲ್ಭಾಗದ ಉಬ್ಬಿನಲ್ಲಿ ಹಾದುಹೋಗುವ ನರದ ಮೇಲೆ ಲೇಸು ಒತ್ತಿದರೆ ಬೆರಳು ಜೋಮು ಹಿಡಿಯುತ್ತದೆ. ರಸ್ತೆಯಲ್ಲಿ ಪಾದ ಎತ್ತಿ ಇಡುತ್ತೇವೆ, ಒತ್ತಡಕ್ಕೆ ಬಿಡುವಿರುತ್ತದೆ. ಕ್ರಾಸ್ ಟ್ರೈನರ್ ಮೇಲೆ ಪಾದ ಎತ್ತುವುದೇ ಇಲ್ಲ, ಒಂದೇ ಜಾಗದ ಮೇಲೆ ಭಾರ ಕೂರುತ್ತದೆ.

ಕೇಳಿದ್ದು ಸಾಲಲಿಲ್ಲ ಪುಟ್ಟಯ್ಯನವರಿಗೆ. ಮರುದಿನ ಬೀಗದ ಕೈ ವಾಪಸ್ ತೆಗೆದುಕೊಂಡು, ಮಧ್ಯಾಹ್ನ ಜಿಮ್ಮು ಖಾಲಿಯಿರುವಾಗ ತಾವೇ ಯಂತ್ರ ಹತ್ತಿದರು. ಒಂದು ದಿನ ಮಿಲ್ಲಿನ ಗಂಟು ಹಾಕಿ. ಹನ್ನೊಂದನೇ ನಿಮಿಷಕ್ಕೆ ನಡುವಿನ ಬೆರಳುಗಳು ಸತ್ತವು. ಇನ್ನೊಂದು ದಿನ ಲೇಸು ಸಡಿಲಿಸಿ. ಇಪ್ಪತ್ತಾರನೇ ನಿಮಿಷಕ್ಕೆ ಸತ್ತವು. ಮತ್ತೊಂದು ದಿನ ಪಾದದ ಉಬ್ಬಿನ ಮೇಲಿನ ಒಂದು ಜೊತೆ ತೂತು ಬಿಟ್ಟು ಲೇಸು ಪೋಣಿಸಿ, ಹತ್ತು ನಿಮಿಷಕ್ಕೊಮ್ಮೆ ಇಳಿದು ಬೆರಳು ಮಡಿಸಿ ಬಿಡಿಸಿ. ನಲವತ್ತು ನಿಮಿಷ ಏನೂ ಆಗಲಿಲ್ಲ. ಮೂರು ವಾರ ಹೀಗೆ ನಡೆದರು. ಹಲಗೆಯ ಅಂಚಿಗೆ ಪಾದ ಇಟ್ಟರೆ ಏನು, ನಡುವೆ ಇಟ್ಟರೆ ಏನು, ಬೆರಳ ತುದಿಯ ಮೇಲೆ ಭಾರ ಹಾಕಿದರೆ ಏನು. ಎಲ್ಲ ತಮ್ಮ ಕಾಲಿನ ಮೇಲೇ.

"ನನ್ನ ಕಾಲು ಹೇಳತ್ತೆ ಸಾರ್. ನೋವಾದ್ರೆ ನೋವು ಅನ್ನತ್ತೆ. ಮೇಡಂ ಕಾಲು ಹೇಳಲ್ಲ. ಅದಕ್ಕೆ ಹೇಳೋ ಕಾಲಿನ ಹತ್ರ ಕೇಳ್ಕೊಂಡು, ಹೇಳದೇ ಇರೋ ಕಾಲಿಗೆ ಮಾಡ್ಬೇಕು."

ಈಗ ಇಲ್ಲಿ ಹೊಸ ಗೇಟಿದೆ. ಲೇಸಿನ ಕೆಳಗೆ ತೋರುಬೆರಳು ಹೋಗದಿದ್ದರೆ ಯಂತ್ರ ಹತ್ತುವಂತಿಲ್ಲ. ಲೇಸಿನ ತುದಿ ಮಾತ್ರ ಮಿಲ್ಲಿನ ಹಾಗೇ ಒಳಗೆ ಸಿಕ್ಕಿಸಬೇಕು, ಜೋತಾಡಬಾರದು. ವೀರಪ್ಪನವರಿಗೆ ಆದದ್ದನ್ನು ಅವರು ಮರೆತಿಲ್ಲ. ಹತ್ತು ನಿಮಿಷಕ್ಕೊಮ್ಮೆ ಪುಟ್ಟಯ್ಯ ಚಪ್ಪಾಳೆ ತಟ್ಟುತ್ತಾರೆ. ಎಲ್ಲರೂ ವೇಗ ಇಳಿಸಿ, ಕೆಳಗಿಳಿದು, ಬೆರಳು ಅಲ್ಲಾಡಿಸಿ, ಲೇಸು ನೋಡಿಕೊಳ್ಳಬೇಕು. ಬೆಳಗಿನ ಪಾಳಿಯಲ್ಲಿ ನಲವತ್ತೊಂದು ಜನ, ಎಂಬತ್ತೆರಡು ಪಾದ. ಐದೂವರೆಯಿಂದ ಒಂಬತ್ತರವರೆಗೆ ಅವರು ಎಷ್ಟು ಸಲ ಮಂಡಿಯೂರಿ ಏಳುತ್ತಾರೆ ಎಂದು ಲೆಕ್ಕ ಇಟ್ಟವರಿಲ್ಲ.

ಶುರುವಿನಲ್ಲಿ ಯೋಗರಾಜ್‌ಗೆ ಇದು ಹಿಡಿಸಲಿಲ್ಲ. "ಯಂತ್ರ ನಿಂತಿರತ್ತೆ, ಹಿಂದೆ ನಾಲ್ಕು ಜನ ಕಾಯ್ತಿರ್ತಾರೆ. ಇದೇನು ಶಾಲೆ ಡ್ರಿಲ್ಲಾ ಮಾರಾಯ ಅಂದೆ. ಎರಡು ತಿಂಗಳು ನೋಡಿದೆ. ಜೋಮು ಅಂತ ಬಿಟ್ಟು ಹೋಗಿದ್ದೋರು ವಾಪಸ್ ಬಂದ್ರು. ಈಗ ನನಗೂ ಬೆರಳು ಹಾಕಿ ನೋಡ್ತಾನೆ," ಎಂದು ನಗುತ್ತಾರೆ.

ಟ್ರೆಡ್‌ಮಿಲ್ಲಿನ ಮೇಲಿರುವ ಅಭಯ, ಕೆಳಗಿನ ಬಟ್ಟೆ ಅಂಗಡಿಯವರ ಅಳಿಯ, ಬೆಲ್ಟನ್ನು ಏರು ರಸ್ತೆಯ ಹಾಗೆ ಎತ್ತರಿಸಿಕೊಂಡು, ಮುಂದಿನ ಸರಳು ಹಿಡಿದು ಜೋತು ಬಿದ್ದು ನಡೆಯುತ್ತಿದ್ದಾರೆ.

"ಏನ್ ಅಭಯಣ್ಣ, ಚಂದ್ರಗುತ್ತಿ ಬೆಟ್ಟ ಹತ್ತಾ ಇದೀರಾ?"

"ಹೊಟ್ಟೆ ಕರಗಬೇಕು ಪುಟ್ಟಯ್ಯ, ಬಿಡು."

"ಹೊಟ್ಟೆ ಕರಗೋ ಮುಂಚೆ ಮೀನಖಂಡ ಹರಿಯತ್ತೆ. ಸರಳು ಬಿಟ್ಟು ನಡೆಯೋಕಾಗುತ್ತಾ ನೋಡಿ. ಆಗಲ್ವಾ? ಹಂಗಾದ್ರೆ ಬೆಟ್ಟ ಇಳಿಸಿ."

ಅಭಯ ಗೊಣಗುತ್ತ ಗುಂಡಿ ಒತ್ತುತ್ತಾರೆ. ಬೆಲ್ಟು ಇಳಿಯುತ್ತದೆ.

ಪುಟ್ಟಯ್ಯ ತಮ್ಮ ಗಡಿ ಬಲ್ಲರು. ಒಂದೇ ಕಾಲು ಊದಿ ಬಿಸಿಯಾಗಿದ್ದರೆ, ಎಲುಬಿನ ಮೇಲೆ ಒಂದೇ ಚುಕ್ಕೆಯಲ್ಲಿ ನೋವು ನಿಂತಿದ್ದರೆ, ಮುಟ್ಟುವುದಿಲ್ಲ, ನೇರ ಆಸ್ಪತ್ರೆಗೆ ಕಳಿಸುತ್ತಾರೆ. ಟ್ರೈನರ್ ಎಂದು ಕರೆದರೆ ಒಪ್ಪುವುದಿಲ್ಲ. "ನಾನು ಗ್ರೀಸು ಹಚ್ಚೋನು ಸಾರ್." ಅವರಿಗೆ ಬೇಕಾಗಿರುವುದು ಒಂದೇ, ಯಂತ್ರಗಳ ಪಕ್ಕ ಒಂದು ಬೆಂಚು. ಜನ ಕೂತು ಬೂಟು ಬಿಚ್ಚಿ ಪಾದ ನೋಡಿಕೊಳ್ಳುವಷ್ಟು ಎತ್ತರದ್ದು. ಈಗ ಮಗುಚಿ ಹಾಕಿದ ಪೇಂಟಿನ ಡಬ್ಬವೇ ಆಸನ.

"ಬೆಂಚು ಹಾಕಿದ್ರೆ ಜನ ಬಂದು ಕೂತ್ಬಿಡ್ತಾರೆ," ಎನ್ನುತ್ತಾರೆ ಯೋಗರಾಜ್.

"ಕೂರ್ಲಿ ಅಂತಾನೇ ಕೇಳ್ತಿರೋದು," ಎನ್ನುತ್ತಾರೆ ಪುಟ್ಟಯ್ಯ. ಈ ಮಾತುಕತೆ ನಾಲ್ಕು ತಿಂಗಳಿಂದ ನಡೆದಿದೆ.

ಐದೂ ಮೂವತ್ತೈದು. ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆಗಳು. ಸರಸ್ವತಿಯವರು ಚೀಲ ಹಿಡಿದು ಬರುತ್ತಾರೆ. ಪೇಂಟಿನ ಡಬ್ಬದ ಮೇಲೆ ಕೂತು, ಚೀಲದಿಂದ ಹತ್ತಿಯ ಬಿಳಿ ಕಾಲುಚೀಲ ತೆಗೆಯುತ್ತಾರೆ. ಪುಟ್ಟಯ್ಯ ಮೊದಲೇ ಹೇಳಿ ಕಳಿಸಿದ್ದರು, ಬಿಳಿಯದೇ ಆಗಬೇಕು ಎಂದು. ಕಪ್ಪಿನಲ್ಲಿ ರಕ್ತ ಕಾಣುವುದಿಲ್ಲ.

"ಸ್ಕೂಲ್ ಯೂನಿಫಾರಂ ಅಂಗಡೀಲಿ ತಗೊಂಡೆ. ಯಾವ ಕ್ಲಾಸು ಅಂತ ಕೇಳಿದ ಅಂಗಡಿಯೋನು," ಎನ್ನುತ್ತಾರೆ ಅವರು. ನಗು ಅರ್ಧಕ್ಕೆ ನಿಲ್ಲುತ್ತದೆ.

ಪುಟ್ಟಯ್ಯ ಎರಡೂ ಬೂಟಿನ ಒಳಗೆ ಕೈ ಹಾಕಿ ತುದಿಯವರೆಗೆ ತಡವುತ್ತಾರೆ. ಮಗುಚಿ ಕೊಡವುತ್ತಾರೆ. ಬೂಟು ತೊಡಿಸಿ ಲೇಸು ಹಿಡಿದವರ ಕೈ ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಆಮೇಲೆ ಅವರು ಲೇಸನ್ನು ಸರಸ್ವತಿಯವರ ಕೈಗೇ ಕೊಡುತ್ತಾರೆ. "ನೀವೇ ಕಟ್ಟಿ ಮೇಡಂ. ನಾನು ಬೆರಳಿಟ್ಟು ನೋಡ್ತೀನಿ." ಅವರು ಕಟ್ಟುತ್ತಾರೆ. ಬೆರಳು ಒಳಗೆ ಹೋಗುತ್ತದೆ.

ಯಂತ್ರ ಶುರುವಾಗುತ್ತದೆ. ಹತ್ತನೇ ನಿಮಿಷಕ್ಕೆ ಚಪ್ಪಾಳೆ. "ಬೆರಳು ಇದಾವಾ ಮೇಡಂ?" "ಇದಾವೆ." "ಐದೂ?" "ಎಣಿಸ್ಲಾ?" ಲೇಸು ಒಂದು ಎಳೆ ಸಡಿಲ. ಮತ್ತೆ ಹತ್ತು ನಿಮಿಷ. ಅಭಯ ತಮ್ಮ ನಡಿಗೆ ಮುಗಿಸಿದರೂ ಹೋಗದೆ ಟವೆಲ್ ಹೊದ್ದು ಗೋಡೆಗೆ ಒರಗಿದ್ದಾರೆ. ಯೋಗರಾಜ್ ಮೇಜು ಬಿಟ್ಟು ಬಂದು ನಿಂತಿದ್ದಾರೆ.

ಇಪ್ಪತ್ತು ನಿಮಿಷ ತುಂಬುತ್ತದೆ. ಸರಸ್ವತಿ ಡಬ್ಬದ ಮೇಲೆ ಕೂರುತ್ತಾರೆ. ಪುಟ್ಟಯ್ಯ ಬೂಟು ತೆಗೆದು, ಕಾಲುಚೀಲ ಸುರುಳಿ ಸುತ್ತಿ ಇಳಿಸಿ, ಟಾರ್ಚು ಹಾಕುತ್ತಾರೆ. ಎಡಗಾಲಿನ ಕಿರುಬೆರಳ ಬುಡದಲ್ಲಿ, ಹಳೆಯ ಗಾಯದ ಪಕ್ಕ, ಹುಣಿಸೆ ಬೀಜದಷ್ಟು ಕೆಂಪು ಗುರುತು.

ಪುಟ್ಟಯ್ಯ ಕೈಗಡಿಯಾರ ಬಿಚ್ಚಿ ನೆಲದ ಮೇಲಿಡುತ್ತಾರೆ. ಆರು ಗಂಟೆ ಒಂದು ನಿಮಿಷ. ಅರ್ಧ ಗಂಟೆಯ ಗಡುವು. ಕನ್ನಡಿಯನ್ನು ಸರಸ್ವತಿಯವರ ಕೈಗೆ ಕೊಡುತ್ತಾರೆ, ಅವರು ನೋಡದೆ ಅದನ್ನು ಮಡಿಲಲ್ಲಿ ಬೋರಲು ಹಾಕಿಕೊಳ್ಳುತ್ತಾರೆ. ಕಿಟಕಿಯಾಚೆ ಬಜಾರಿನ ಮೊದಲ ಷಟರ್ ಎತ್ತಿದ ಸದ್ದು. ಎರಡನೆಯದು. ಒಂದು ಟ್ರೆಡ್‌ಮಿಲ್ ಖಾಲಿ ಇದೆ, ಯಾರೂ ಹತ್ತುತ್ತಿಲ್ಲ. ಐದು ನಿಮಿಷಕ್ಕೊಮ್ಮೆ ಟಾರ್ಚು ಹತ್ತುತ್ತದೆ, ಆರುತ್ತದೆ. ಪುಟ್ಟಯ್ಯ ಮಂಡಿಯೂರಿದ್ದವರು ಎದ್ದೇ ಇಲ್ಲ.

ಆರೂ ಹದಿನಾರಕ್ಕೆ ಅವರು ಟಾರ್ಚನ್ನು ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಆ ಜಾಗವನ್ನು ಮೆಲ್ಲಗೆ ಒತ್ತಿ ಬಿಡುತ್ತಾರೆ. ಆಮೇಲೆ ಯೋಗರಾಜ್ ಅವರನ್ನು ಕರೆದು ನೋಡಿ ಎನ್ನುತ್ತಾರೆ. ತಮ್ಮ ಕಣ್ಣನ್ನೊಂದೇ ಅವರು ನಂಬುವ ಹಾಗಿಲ್ಲ. ಯೋಗರಾಜ್ ಬಗ್ಗಿ ನೋಡಿ, "ಎಲ್ಲಿತ್ತು?" ಎಂದು ಕೇಳುತ್ತಾರೆ.

ಆಗ ಸರಸ್ವತಿ ಕನ್ನಡಿ ಎತ್ತಿ ತಮ್ಮ ಪಾದ ನೋಡಿಕೊಳ್ಳುತ್ತಾರೆ. ಬಹಳ ಹೊತ್ತು ನೋಡುತ್ತಾರೆ. "ನಾಳೆ ಬರ್ತೀನಿ," ಎನ್ನುತ್ತಾರೆ.

"ನಾಳೆ ಬೇಡ ಮೇಡಂ. ನಾಳೆ ರಾತ್ರಿವರೆಗೂ ಮನೇಲಿ ನೋಡ್ಕೊಳಿ. ಏನೂ ಇಲ್ದಿದ್ರೆ ನಾಡಿದ್ದು ಬನ್ನಿ. ಅವತ್ತೂ ಇಪ್ಪತ್ತೇ. ಇಪ್ಪತ್ತೊಂದು ಕೇಳ್ಬೇಡಿ."

"ಬೆಂಚು ಬಂದಿರತ್ತಾ ಅಷ್ಟರಲ್ಲಿ?" ಎಂದು ಅವರು ಯೋಗರಾಜ್ ಕಡೆ ತಿರುಗುತ್ತಾರೆ. "ಈ ಡಬ್ಬದ ಅಂಚು ಒತ್ತತ್ತೆ ಕಣ್ರೀ."

ಯೋಗರಾಜ್ ಮೇಲಿನ ಫ್ಯಾನು ನೋಡುತ್ತಾರೆ.

ಪುಟ್ಟಯ್ಯನವರ ಕೆಲಸ ಇನ್ನೂ ಮುಗಿದಿಲ್ಲ. ಅವರು ಬಿಚ್ಚಿದ ಕಾಲುಚೀಲವನ್ನು ಒಳಗು ಹೊರಗು ಮಾಡಿ, ಎರಡೂ ಕೈಯಲ್ಲಿ ಹಿಗ್ಗಿಸಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿಯುತ್ತಾರೆ. ಹಿಮ್ಮಡಿಯ ಜಾಗ, ಅಂಗಾಲಿನ ಜಾಗ, ಕೊನೆಗೆ ಕಿರುಬೆರಳಿನ ಜಾಗ. ಅದನ್ನು ಬೆಳಕಿಗೆ ಇನ್ನಷ್ಟು ಹತ್ತಿರ ತರುತ್ತಾರೆ. ಎಲ್ಲರಿಗೂ ಕಾಣುವ ಹಾಗೆ ತಿರುಗಿಸುತ್ತಾರೆ.

"ನೋಡಿ ಸಾರ್," ಎನ್ನುತ್ತಾರೆ. "ಬೆಳ್ಳಗಿದೆ."